ಕೇಳುವವರೇ ಊರ ಶಾಲೆ ಬಿಟ್ಟರೆ

ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಪೋಷಕರ ಕಡೆಯಿಂದ ಆರಿಸಿ ಬರಬೇಕಾದರೆ ನಿಮ್ಮ ಮಗು ಆ ಶಾಲೆಯಲ್ಲಿ ಓದುತ್ತಿರಬೇಕು. ನಿಯಮ ಸರಿಯಾಗಿಯೇ ಇದೆ. ಆದರೆ ಪಂಚಾಯ್ತಿ ಸದಸ್ಯರ, ದಿನಸಿ ಅಂಗಡಿಯವರ, ಕೊನೆಗೆ ಮೇಷ್ಟ್ರ ಮಕ್ಕಳೂ ಬೆಳಿಗ್ಗೆ ಎಂಟಕ್ಕೇ ಹಳದಿ ವ್ಯಾನು ಹತ್ತಿ ಹೋದ ಮೇಲೆ ಸಮಿತಿಗೆ ಉಳಿಯುವವರು ಕೂಲಿನಾಲಿ ಮಾಡುವ ಅಪ್ಪ ಅಮ್ಮಂದಿರು. ಸೋರುವ ಕೊಠಡಿ, ಖಾಲಿ ಬಿದ್ದ ಶಿಕ್ಷಕರ ಹುದ್ದೆ ಎಂದು ಬಿಇಒ ಕಚೇರಿಗೆ ಅಲೆಯಬೇಕಾದರೆ ಅವರು ಅಂದಿನ ಕೂಲಿ ಬಿಡಬೇಕು. ಖಾಸಗಿ ಶಾಲೆಗಳು ಹಳ್ಳಿಯಿಂದ ಮಕ್ಕಳ ಜೊತೆಗೆ ಗಟ್ಟಿಯಾಗಿ ಕೇಳಬಲ್ಲವರನ್ನೂ ಕರೆದೊಯ್ದವು. ನನ್ನ ಮಟ್ಟಿಗೆ ದೊಡ್ಡ ನಷ್ಟ ಇದೇ.

ಹಾಗೆಂದು ಪೋಷಕರನ್ನು ದೂರಲಾರೆ. ಏಕೋಪಾಧ್ಯಾಯ ಶಾಲೆಯೊಂದರಲ್ಲಿ ಅರ್ಧ ದಿನ ಕೂತು ನೋಡಿ. ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿ ಒಟ್ಟಿಗೆ, ಪಕ್ಕದಲ್ಲೇ ನಾಲ್ಕು, ಐದು. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟದ ಅಕ್ಕಿ ಬೇಳೆ ಲೆಕ್ಕ, ನಡುನಡುವೆ ಇಲಾಖೆ ಕೇಳುವ ಮಾಹಿತಿ. ಅದನ್ನು ಕಳಿಸಲು ಮೇಡಂ ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತ ಅಂಗಳಕ್ಕೆ ಬಂದರೆ, ಒಳಗೆ ಐದನೇ ತರಗತಿಯ ಹುಡುಗಿ ಚಿಕ್ಕವರಿಗೆ ಮಗ್ಗಿ ಹೇಳಿಸುತ್ತಿರುತ್ತಾಳೆ. ಇದನ್ನು ಕಂಡ ತಾಯಿ ಸಂಘದಲ್ಲಿ ಸಾಲ ಎತ್ತಿ ಮಗನನ್ನು ಕಾನ್ವೆಂಟಿಗೆ ಸೇರಿಸಿದರೆ ತಪ್ಪು ಅವಳದಲ್ಲ.

ಆ ಆಯ್ಕೆಯೂ ಎಲ್ಲರಿಗೆ ದಕ್ಕಲಿಲ್ಲ. ಪ್ರಾಥಮಿಕ ಹಂತದ ಕಲಿಕಾ ಮಾಧ್ಯಮವನ್ನು ಆರಿಸುವ ಹಕ್ಕು ಪೋಷಕರದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. ಶುಲ್ಕ ಕಟ್ಟಲಾಗದವರಿಗೆ ಆ ಹಕ್ಕು ಕಾಗದದಲ್ಲೇ ಉಳಿಯಿತು. ಅವರಿಗೆಂದು ಆರ್‌ಟಿಇ ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟು ಮೀಸಲಿಟ್ಟಿತ್ತು. 2019ರಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟು ಕೊಡಬೇಕಿಲ್ಲ ಎಂದಿತು. ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಆ ಸೀಟುಗಳಿಗೆಂದು ಸರ್ಕಾರ ಖಾಸಗಿಯವರಿಗೆ ಕಟ್ಟುವ ಶುಲ್ಕದ ಹಣ ನಮ್ಮ ಶಾಲೆಗಳಿಗೇ ಬರಲಿ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಬಡವರ ಮಕ್ಕಳನ್ನಷ್ಟೇ ಊರ ಶಾಲೆಯಲ್ಲಿ ಉಳಿಸಿ, ಅಲ್ಲಿನ ಖಾಲಿ ಹುದ್ದೆಗಳನ್ನು ವರ್ಷ ವರ್ಷವೂ ಅತಿಥಿ ಶಿಕ್ಷಕರಿಂದ ನಿಭಾಯಿಸುತ್ತ ಹೋಗುವುದು ಶುದ್ಧ ಅನ್ಯಾಯ. ಆಯ್ಕೆ ಕಿತ್ತುಕೊಂಡ ಸರ್ಕಾರ ತರಗತಿಗೊಬ್ಬ ಕಾಯಂ ಶಿಕ್ಷಕರನ್ನಾದರೂ ಕೊಡಬೇಕು.

ಉಳ್ಳವರಿಗೂ ಒಂದು ಮಾತು. ನಿಮ್ಮ ಮಗು ಎಲ್ಲೇ ಓದುತ್ತಿರಲಿ, ಗ್ರಾಮಸಭೆಯಲ್ಲಿ ಕೂರುವ ಹಕ್ಕು ನಿಮಗಿದೆ. ಮುಂದಿನ ಸಭೆಗೆ ಹೋಗಿ, ಊರ ಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ, ಯಾವಾಗ ತುಂಬುತ್ತೀರಿ ಎಂದು ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಸಿ.