ಇಂಟರ್ನ್‌ಶಿಪ್ ಕಡ್ಡಾಯ, ಶಿಷ್ಯವೇತನ ಐಚ್ಛಿಕ

ಕಾನೂನು ಪದವಿಗೆ ತರಗತಿ ಮತ್ತು ಪರೀಕ್ಷೆಗಳಷ್ಟೇ ಸಾಲವು. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ರೂಪಿಸಿದ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ, ಐದು ವರ್ಷಗಳ ಕೋರ್ಸಿನ ವಿದ್ಯಾರ್ಥಿ ಒಟ್ಟು 20 ವಾರ, ಮೂರು ವರ್ಷಗಳ ಕೋರ್ಸಿನ ವಿದ್ಯಾರ್ಥಿ 12 ವಾರ ಇಂಟರ್ನ್‌ಶಿಪ್ ಪೂರೈಸಲೇಬೇಕು. ವರ್ಷವೊಂದರಲ್ಲಿ ಸತತವಾಗಿ ನಾಲ್ಕು ವಾರ ಮೀರಬಾರದು, ಒಮ್ಮೆಯಾದರೂ ವಿಚಾರಣಾ ಹಾಗೂ ಮೇಲ್ಮನವಿ ನ್ಯಾಯಾಲಯಗಳ ವಕೀಲರ ಬಳಿ ಕೆಲಸ ಮಾಡಿರಬೇಕು ಎಂದೂ ನಿಯಮ ಹೇಳುತ್ತದೆ. ಆದರೆ ಆ ವಾರಗಳಲ್ಲಿ ವಿದ್ಯಾರ್ಥಿಯ ಊಟ, ವಸತಿ, ಬಸ್ ಚಾರ್ಜನ್ನು ಯಾರು ಭರಿಸಬೇಕು ಎಂಬ ಬಗ್ಗೆ ಅದು ಮೌನವಾಗಿದೆ.

ಬೆಂಗಳೂರಿನಲ್ಲಿ ಮನೆಯಿರುವ ವಿದ್ಯಾರ್ಥಿಗೆ ಇದೊಂದು ಸಮಸ್ಯೆಯೇ ಅಲ್ಲ. ರಾಯಚೂರಿನಿಂದಲೋ ಚಾಮರಾಜನಗರದಿಂದಲೋ ಬರುವ ವಿದ್ಯಾರ್ಥಿನಿಗೆ ಪಿ.ಜಿ. ಬಾಡಿಗೆ, ಮುಂಗಡ ಠೇವಣಿ, ಓಡಾಟ ಎಲ್ಲವೂ ಕೈಯಿಂದಲೇ ಹೋಗಬೇಕು. ದೊಡ್ಡ ಕಾರ್ಪೊರೇಟ್ ಕಾನೂನು ಸಂಸ್ಥೆಗಳು ಸಾಮಾನ್ಯವಾಗಿ ಶಿಷ್ಯವೇತನ ಕೊಡುತ್ತವೆ. ಆದರೆ ಅಲ್ಲಿಗೆ ಪ್ರವೇಶ ಸಿಗುವುದು ಹೆಚ್ಚಾಗಿ ಪ್ರತಿಷ್ಠಿತ ಕಾಲೇಜುಗಳವರಿಗೆ ಅಥವಾ ಪರಿಚಯವಿದ್ದವರಿಗೆ. ಉಳಿದವರ ಪಾಲಿಗೆ ಇರುವುದು ಕಡತ ಜೋಡಿಸುವ, ಜೆರಾಕ್ಸ್ ಅಂಗಡಿಗೆ ಓಡುವ, ಕೊನೆಗೊಂದು ಪ್ರಮಾಣಪತ್ರ ಪಡೆಯುವ ಕೆಲಸ. ಶಿಷ್ಯವೇತನವನ್ನು ದಾನವೆಂದೋ ಪ್ರೋತ್ಸಾಹವೆಂದೋ ಕಾಣುವವರು ಒಂದನ್ನು ಮರೆಯುತ್ತಾರೆ: ಈ ಸಂಸ್ಥೆಗಳು ಮುಂದೆ ನೌಕರಿ ನೀಡುವಾಗ ತಮ್ಮಲ್ಲಿ ಇಂಟರ್ನ್ ಆಗಿದ್ದವರನ್ನೇ ಮೊದಲು ನೋಡುತ್ತವೆ.

ಬೇಸಿಗೆಯದು ಇನ್ನೊಂದು ವಿಚಿತ್ರ. ವಿದ್ಯಾರ್ಥಿಗೆ ಬಿಡುವು ಸಿಗುವ ಮೇ ತಿಂಗಳಲ್ಲಿ ಹೈಕೋರ್ಟ್‌ಗೂ ರಜೆ. ತುರ್ತು ಪ್ರಕರಣಗಳಿಗೆ ರಜಾಕಾಲದ ಪೀಠವಷ್ಟೇ ಕುಳಿತುಕೊಳ್ಳುತ್ತದೆ. ಹೀಗಾಗಿ ಖರ್ಚು ಮಾಡಿಕೊಂಡು ರಾಜಧಾನಿಗೆ ಬಂದವರಿಗೆ ನಿತ್ಯದ ವಾದ, ಪ್ರತಿವಾದ ನೋಡುವ ಅವಕಾಶವೂ ಕಡಿಮೆ.

2024ರಲ್ಲಿ ಮದ್ರಾಸ್ ಹೈಕೋರ್ಟ್ ಈ ವೃತ್ತಿಯ ಸಂಭಾವನೆಯ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿತು. ಅದೇ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಸುತ್ತೋಲೆ ಹೊರಡಿಸಿ, ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000 ರೂ., ಗ್ರಾಮೀಣ ಪ್ರದೇಶಗಳಲ್ಲಿ 15,000 ರೂ. ನೀಡುವಂತೆ ಸಲಹೆ ಮಾಡಿತು. ಅದು ಸಲಹೆಯೇ ಹೊರತು ಆದೇಶವಲ್ಲ. ಮೇಲಾಗಿ ಅದು ಸನ್ನದು ಪಡೆದವರಿಗೆ ಸಂಬಂಧಿಸಿದ್ದು, ವಿದ್ಯಾರ್ಥಿಗಳಿಗಲ್ಲ. ಅದೇ ತಿಂಗಳು ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ಮಾಸಿಕ 5,000 ರೂ. ನೆರವಿತ್ತಾದರೂ, ಅಂದಿನ ಮಾರ್ಗಸೂಚಿಯಂತೆ ಪೂರ್ಣಾವಧಿ ವ್ಯಾಸಂಗದಲ್ಲಿದ್ದವರು ಅರ್ಹರಾಗಿರಲಿಲ್ಲ.

ಪಕ್ಕದ ವೃತ್ತಿಯನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಚಾರ್ಟರ್ಡ್ ಅಕೌಂಟೆಂಟ್ ಆಗಲು ಹೊರಟವರ ಆರ್ಟಿಕಲ್‌ಶಿಪ್‌ಗೆ ಊರಿನ ಜನಸಂಖ್ಯೆಗೆ ಅನುಗುಣವಾಗಿ ಕನಿಷ್ಠ ಶಿಷ್ಯವೇತನ ನಿಗದಿಯಾಗಿದೆ. ಮೊತ್ತ ದೊಡ್ಡದೇನಲ್ಲ, ಆದರೆ ಕೊಡುವುದು ನಿಯಮ.

ವಕೀಲರ ವಾದವನ್ನೂ ತಳ್ಳಿಹಾಕುವಂತಿಲ್ಲ. ತಾಲ್ಲೂಕು ಕೋರ್ಟಿನ ವಕೀಲರು ತಮ್ಮ ಗುಮಾಸ್ತನ ಸಂಬಳಕ್ಕೇ ಪರದಾಡುವಾಗ, ನಾಲ್ಕು ವಾರ ಇದ್ದು ಹೋಗುವ, ಕಡತದ ಓದು ರೂಢಿಯಾಗುವಷ್ಟರಲ್ಲಿ ಹೊರಡುವ ವಿದ್ಯಾರ್ಥಿಗೆ ಏಕೆ ಕೊಡಬೇಕು? ಎಲ್ಲರಿಗೂ ಒಂದೇ ದರ ಹೇರಿದರೆ ಅಂಥ ಕಚೇರಿಗಳು ಬಾಗಿಲನ್ನೇ ಮುಚ್ಚಿಕೊಳ್ಳಬಹುದು. ಆದರೆ ಗಂಟೆಯ ಲೆಕ್ಕದಲ್ಲಿ ಕಕ್ಷಿದಾರರಿಗೆ ಬಿಲ್ ಮಾಡುವ ಸಂಸ್ಥೆಗೂ, ಕಾನೂನು ವಿಭಾಗ ಹೊಂದಿರುವ ಕಂಪೆನಿಗೂ, ಸರ್ಕಾರಿ ಪ್ರಾಧಿಕಾರಕ್ಕೂ ಈ ನೆಪ ಸಲ್ಲದು. ಕನಿಷ್ಠ ಮೊತ್ತದ ಕಡ್ಡಾಯ ಇವರಿಂದಲೇ ಆರಂಭವಾಗಬೇಕು. ಸಣ್ಣ ಕಚೇರಿಗಳಲ್ಲಿ ಕಲಿಯುವವರಿಗೆ ವಿಶ್ವವಿದ್ಯಾಲಯ ಅಥವಾ ವಕೀಲರ ಪರಿಷತ್ತಿನ ನಿಧಿಯಿಂದ ಪ್ರಯಾಣ, ವಸತಿ ಭತ್ಯೆ ನೀಡಬಹುದು.

ರಜಾ ಅವಧಿಯಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಸಿದ್ಧರಿರುವ ಹಿರಿಯ ವಕೀಲರ ಜಿಲ್ಲಾವಾರು ಪಟ್ಟಿಯನ್ನು ರಾಜ್ಯ ಪರಿಷತ್ತುಗಳು ತಯಾರಿಸಬೇಕೆಂದು 2008ರ ನಿಯಮಗಳೇ ಹೇಳಿವೆ. ಆ ಪಟ್ಟಿಯಲ್ಲಿ ವಕೀಲರ ಹೆಸರಿನ ಮುಂದೆ ಅವರು ಕೊಡುವ ಶಿಷ್ಯವೇತನವನ್ನೂ ನಮೂದಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ.