ಎದೆಗಾರಿಕೆಯ ಇಂಗ್ಲಿಷ್ ಪಾಠ

ಇಂಗ್ಲಿಷ್ ಭಾಷಣಗಳನ್ನು ಕೇಳಿ ಪದಸಂಪತ್ತು ಹೆಚ್ಚಿಸಿಕೊಳ್ಳುವ ರೂಢಿ ಕಾಲೇಜಿನ ಹುಡುಗ ಹುಡುಗಿಯರಲ್ಲಿ ಈಗ ಸಾಮಾನ್ಯವಾಗಿದೆ. ಹಾಗೆ ಕೇಳಲು ಯೋಗ್ಯವಾದವುಗಳಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕಿ ಬ್ರೆನೆ ಬ್ರೌನ್ 2010ರಲ್ಲಿ ಮಾಡಿದ ಭಾಷಣವೂ ಒಂದು. ಇಪ್ಪತ್ತು ನಿಮಿಷದ ಈ ಭಾಷಣವನ್ನು ಕೋಟಿಗಟ್ಟಲೆ ಜನ ಕೇಳಿದ್ದಾರೆ. ಧೈರ್ಯ, ಮುಚ್ಚುಮರೆಯಿಲ್ಲದ ಮನಸ್ಸು ಇದರ ವಿಷಯ. ಆರೋಗ್ಯದ ಅಂಕಣದಲ್ಲಿ ಇಂಗ್ಲಿಷ್ ಪಾಠವೇಕೆ ಎಂದು ಓದುಗರು ಕೇಳಬಹುದು. ಮನಸ್ಸಿನ ನೋವಿಗೆ ಹೆಸರು ಸಿಗದಿದ್ದರೆ ಅದು ಎಷ್ಟೋ ಸಲ ಮೈಯ ಕಾಯಿಲೆಯ ವೇಷದಲ್ಲಿ ವೈದ್ಯರ ಮುಂದೆ ಬಂದು ಕೂರುತ್ತದೆ, ಅದಕ್ಕೆ.

ನಮ್ಮ ಮನೆಗಳಲ್ಲಿ ಈಗ ಎಲ್ಲಕ್ಕೂ 'ಟೆನ್ಷನ್' ಒಂದೇ ಪದ. ಪರೀಕ್ಷೆಯ ಭಯಕ್ಕೂ ಟೆನ್ಷನ್, ಅತ್ತೆ ಸೊಸೆಯರ ಮುನಿಸಿಗೂ ಟೆನ್ಷನ್, ಬ್ಯಾಂಕಿನ ಸಾಲಕ್ಕೂ ಟೆನ್ಷನ್. ಮಿಕ್ಕದ್ದಕ್ಕೆ 'ಬೇಜಾರು'. ಆಸ್ಪತ್ರೆಗೆ ಹೋದಾಗ ಇದೇ 'ಗ್ಯಾಸ್ಟ್ರಿಕ್ ಡಾಕ್ಟ್ರೇ, ನಿದ್ದೆ ಬರಲ್ಲ' ಎಂದಾಗುತ್ತದೆ. ಮಾತ್ರೆ ಸಿಗುತ್ತದೆ, ಮನಸ್ಸಿನ ಮಾತು ಅಲ್ಲೇ ಉಳಿಯುತ್ತದೆ.

ಭಾಷಣದ ಪದಗಳನ್ನು ನೋಡೋಣ. 'ಕರೇಜ್' ಎಂಬುದರ ಬೇರು ಲ್ಯಾಟಿನ್ನಿನ 'ಕೋರ್', ಅಂದರೆ ಹೃದಯ. ನಮ್ಮ 'ಎದೆಗಾರಿಕೆ'ಯಲ್ಲೂ ಎದೆಯೇ ಇದೆಯಲ್ಲ! 'ವಲ್ನರಬಲ್' ಎಂಬುದಕ್ಕೆ 'ದುರ್ಬಲ' ಎಂದು ಅರ್ಥ ಬರೆದುಕೊಂಡು ಬಾಯಿಪಾಠ ಮಾಡಿದರೆ ಇಡೀ ಭಾಷಣವೇ ತಪ್ಪಾಗಿ ಅರ್ಥವಾಗುತ್ತದೆ. ಗಾಯ ಎಂಬ ಲ್ಯಾಟಿನ್ ಪದದಿಂದ ಹುಟ್ಟಿದ ಮಾತದು. ಪೆಟ್ಟು ಬೀಳಬಹುದೆಂದು ತಿಳಿದೂ ಕವಚ ತೆಗೆದಿಟ್ಟು ನಿಲ್ಲುವುದು ಎಂದರೆ ಸರಿಹೋದೀತು. ಕೆಲಸ ಹೋದ ಸಂಗತಿಯನ್ನು ಹೆಂಡತಿ ಮಕ್ಕಳಿಗೆ ಹೇಳುವ ಯಜಮಾನನಿಗೆ ಬೇಕಾದದ್ದು ಇದು. ಸ್ತನದಲ್ಲಿ ಗಂಟು ಕಾಣಿಸಿಕೊಂಡರೂ ಸಂಕೋಚದಿಂದ ತಿಂಗಳುಗಟ್ಟಲೆ ಯಾರಿಗೂ ಹೇಳದ ಗೃಹಿಣಿಯರಿದ್ದಾರೆ. ಅಂಥ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಆಗಿದ್ದಲ್ಲಿ ತಡ ಮಾಡಿದಷ್ಟೂ ಚಿಕಿತ್ಸೆ ಕಷ್ಟವಾಗುತ್ತದೆ. ಇಲ್ಲಿ ಬಾಯಿ ಬಿಡುವುದು ಜೀವದ ಪ್ರಶ್ನೆ.

ಇನ್ನು 'ಷೇಮ್' ಮತ್ತು 'ಗಿಲ್ಟ್'. ತಪ್ಪು ಮಾಡಿದೆ ಎಂಬ ಕೊರಗು ಗಿಲ್ಟ್. ನಾನೇ ಕೆಟ್ಟವನು ಎಂಬ ಕುಗ್ಗುವಿಕೆ ಷೇಮ್. ಈ ಭೇದವನ್ನು ಇದೇ ವಿದುಷಿ 2012ರ ಇನ್ನೊಂದು ಭಾಷಣದಲ್ಲಿ ವಿವರಿಸುತ್ತಾರೆ. ಕನ್ನಡದಲ್ಲಿ ಮದುಮಗಳ ಮುಖದ ಮೇಲಿನದೂ ನಾಚಿಕೆ, 'ನಾಚಿಕೆಯಾಗಲ್ವಾ ನಿನಗೆ?' ಎಂದು ಮಗನನ್ನು ಬೈಯುವಾಗಿನದೂ ನಾಚಿಕೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ತಂದೆ ತಾಯಿಯರು ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಬೇಕು. 'ಲೆಕ್ಕದಲ್ಲಿ ಓದು ಸಾಲಲಿಲ್ಲ' ಎಂದರೆ ಮಗು ತಿದ್ದಿಕೊಳ್ಳಬಹುದು. 'ನೀನು ದಂಡ' ಎಂದರೆ ತಿದ್ದಿಕೊಳ್ಳಲು ಏನು ಉಳಿಯಿತು?

'ನಂಬ್' ಎಂಬ ಪದವೂ ಬರುತ್ತದೆ. ಹಲ್ಲು ಕೀಳಿಸುವಾಗ ಚುಚ್ಚುಮದ್ದು ಕೊಟ್ಟರೆ ಹಲ್ಲಿನ ಜೊತೆ ತುಟಿ, ನಾಲಿಗೆಗೂ ಜೋಮು ಹಿಡಿಯುವುದುಂಟು. ಮನಸ್ಸೂ ಹಾಗೆಯೇ ಎಂಬುದು ಬ್ರೌನ್ ಅವರ ವಾದ. ದುಃಖವನ್ನಷ್ಟೇ ಆರಿಸಿ ಮರಗಟ್ಟಿಸಲು ಆಗುವುದಿಲ್ಲ, ಸಂತೋಷವೂ ಅದರೊಂದಿಗೆ ಹೋಗುತ್ತದೆ. ಸಂಜೆಯ ಕುಡಿತವನ್ನು 'ಮರೆಯೋಕೆ' ಎಂದು ಸಮರ್ಥಿಸಿಕೊಳ್ಳುವವರು ಇದನ್ನು ಗಮನಿಸಲಿ.

ಹೆಸರು ಕೊಟ್ಟರೆ ನೋವು ತಗ್ಗುತ್ತದೆಯೇ? 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್ಮನ್ ಮತ್ತು ಸಂಗಡಿಗರು, ಸಿಟ್ಟು ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವಕ್ಕೆ ತಕ್ಕ ಪದ ಆರಿಸಿದಾಗ ಮಿದುಳಿನ ಅಮಿಗ್ಡಲ ಎಂಬ ಭಾಗದ ಉದ್ವೇಗ ಕಡಿಮೆಯಾಗುವುದನ್ನು ಕಂಡರು. ಅದಕ್ಕೂ ಮೊದಲು, 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ, ತಮ್ಮ ಬಾಳಿನ ಕಹಿ ಘಟನೆಗಳನ್ನು ಬರೆಸಿದ್ದರು. ಬರೆದ ಕೂಡಲೇ ಅವರ ಮನಸ್ಸು ಭಾರವಾಗಿತ್ತು. ಆದರೆ ಮುಂದಿನ ಆರು ತಿಂಗಳಲ್ಲಿ, ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ವೈದ್ಯರ ಬಳಿ ಹೋದದ್ದು ಕಡಿಮೆ.

ಬ್ರೌನ್ ಹೇಳುವುದನ್ನೆಲ್ಲ ನಮ್ಮ ಕೂಡುಕುಟುಂಬಗಳಿಗೆ ಹಾಗೆಯೇ ತರಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಅಡುಗೆಮನೆಯಲ್ಲಿ ಹೇಳಿದ ಮಾತು ಸಂಜೆಗೆ ಬೀದಿಗೆ ಬರುವ ಮನೆಗಳೂ ಇವೆ. ಎದೆ ಬಿಚ್ಚುವ ಮುನ್ನ ಕೇಳುವವರು ಯಾರೆಂದು ನೋಡಬೇಕು. ಅಕ್ಕನೋ ಗೆಳತಿಯೋ ಸೋದರಮಾವನೋ, ಒಬ್ಬರು ಸಾಕು.

ಮಕ್ಕಳು ಈ ಭಾಷಣ ಕೇಳುವಾಗ ಹಿರಿಯರೂ ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದೊಂದು ಇಂಗ್ಲಿಷ್ ಪದಕ್ಕೂ ಮನೆಮಾತಿನ ಪದ ಹುಡುಕಿ: ಹೊಟ್ಟೆಕಿಚ್ಚು, ಅಳುಕು, ಕಸಿವಿಸಿ, ಹಳಹಳಿ, ಮುನಿಸು. ಹೇಳಿಕೊಳ್ಳಲು ಯಾರೂ ಇಲ್ಲದವರಿಗೆ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.