ಬೆರಳ ನೋವು ಹೋಯಿತು, ಕಾಯಿಲೆ ಹೋಯಿತೆ?

ರಾತ್ರಿ ಚೆನ್ನಾಗಿಯೇ ಉಂಡು ಮಲಗಿದ ನಿಮ್ಮ ಯಜಮಾನರು ನಡುರಾತ್ರಿ ‘ಅಮ್ಮಾ’ ಅಂತ ಕಾಲು ಹಿಡಿದುಕೊಂಡು ಎದ್ದು ಕೂತರೆ? ಹೆಬ್ಬೆರಳ ಬುಡ ಕೆಂಪಗೆ ಊದಿದೆ, ಮುಟ್ಟಿದರೆ ಬಿಸಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಂಥ ನೋವು. ಬೆಳಗ್ಗೆ ಮಾಚೇನಹಳ್ಳಿಯ ಕಾರ್ಖಾನೆಗೆ ಫಸ್ಟ್ ಶಿಫ್ಟ್‌ಗೆ ಹೋಗಬೇಕು, ಶೂ ಒಳಗೆ ಕಾಲೇ ತೂರುತ್ತಿಲ್ಲ. ‘ಎಲ್ಲೋ ಉಳುಕಿದೆ’ ಎಂದುಕೊಂಡು ಎಣ್ಣೆ ಕಾಯಿಸಿ ತಿಕ್ಕಲು ಹೋಗಬೇಡಿ. ಅದು ಗೌಟ್ ಇರಬಹುದು.

ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ, ಮೂತ್ರಪಿಂಡ ಅದನ್ನು ಸರಿಯಾಗಿ ಹೊರಹಾಕದಿದ್ದಾಗ, ಉಳಿದದ್ದು ಕೀಲುಗಳಲ್ಲಿ ಸೂಜಿಯಂಥ ಹರಳಾಗಿ ಕೂರುತ್ತದೆ. ನಮ್ಮ ಆಯುರ್ವೇದದವರು ಇಂಥ ಲಕ್ಷಣಗಳನ್ನು ‘ವಾತರಕ್ತ’ ಎಂದರು. ಉಳ್ಳವರ ಕಾಯಿಲೆ ಎಂಬರ್ಥದಲ್ಲಿ ‘ಆಢ್ಯವಾತ’ ಎಂಬ ಹೆಸರೂ ಉಂಟು. ಈಗ ಶ್ರೀಮಂತರನ್ನೇ ಹುಡುಕಿಕೊಂಡು ಹೋಗುವಷ್ಟು ಪುರುಸೊತ್ತು ಅದಕ್ಕಿಲ್ಲ ಬಿಡಿ!

ಇದರ ಮೋಸ ಇರುವುದು ನೋವಿನಲ್ಲಲ್ಲ, ನೋವು ಹೋಗುವುದರಲ್ಲಿ. ಔಷಧಿ ಇಲ್ಲದಿದ್ದರೂ ಒಂದೆರಡು ವಾರದಲ್ಲಿ ಊತ ಇಳಿಯುತ್ತದೆ. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದವರು ‘ವಾಸಿಯಾಯ್ತು’ ಅಂತ ಮರೆತೇಬಿಡುತ್ತಾರೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಸದ್ದಿಲ್ಲ. ಹರಳು ಮಾತ್ರ ಒಳಗೇ ಇರುತ್ತದೆ. ಮುಂದಿನ ಸಲ ಪಾದದ ಗಂಟು, ಆಮೇಲೆ ಮಂಡಿ, ಮಣಿಕಟ್ಟು. ನಡುವಿನ ಬಿಡುವು ಕಡಿಮೆಯಾಗುತ್ತಾ ಬರುತ್ತದೆ. ವರ್ಷಗಳು ಕಳೆದಂತೆ ಬೆರಳು, ಮೊಣಕೈ, ಕಿವಿಯ ಅಂಚಿನಲ್ಲಿ ಸುಣ್ಣದುಂಡೆಯಂಥ ಗಂಟುಗಳೇಳುತ್ತವೆ, ಕೀಲು ಸವೆಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲೂ ಆಗಬಹುದು.

ಆದ್ದರಿಂದ ನೋವಿದ್ದಾಗಲೇ ಡಾಕ್ಟರಿಗೆ ತೋರಿಸಿ. ಜೊತೆಗೆ ಜ್ವರ, ಚಳಿ ಇದ್ದರಂತೂ ಅದೇ ದಿನ ಶಿವಮೊಗ್ಗದ ಮೆಗ್ಗಾನ್‌ಗೋ ಹತ್ತಿರದ ಆಸ್ಪತ್ರೆಗೋ ಓಡಿ, ಕೀಲಿನಲ್ಲಿ ಕೀವಾಗಿರಲೂಬಹುದು. ಇನ್ನೊಂದು ಮಾತು: ನೋವಿನ ದಿನ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ‘ನಾರ್ಮಲ್’ ಬಂದರೆ ನಿಶ್ಚಿಂತೆ ಬೇಡ. ಎರಡು ವಾರ ಬಿಟ್ಟು ಮತ್ತೆ ಮಾಡಿಸಿ. ಚಿಕಿತ್ಸೆಯಲ್ಲಿ ಅದನ್ನು 6 ಮಿಲಿಗ್ರಾಂಗಿಂತ ಕೆಳಗೆ ಇಡುವುದು ಗುರಿ. ಅಲೋಪ್ಯೂರಿನಾಲ್ ಕೊಟ್ಟಿದ್ದರೆ ನೋವಿಲ್ಲ ಅಂತ ಮಧ್ಯೆ ನಿಲ್ಲಿಸುವಂತಿಲ್ಲ.

ಅಡುಗೆಮನೆ ವಿಷಯಕ್ಕೆ ಬಂದರೆ, ‘ಬೇಳೆ ಬಿಡಿ, ಪಾಲಕ್ ಬಿಡಿ’ ಎಂದು ಹೆದರಿಸುವವರೇ ಜಾಸ್ತಿ. ಕಾಳು, ಸೊಪ್ಪಿನಿಂದ ಅಂಥ ಅಪಾಯ ಕಂಡುಬಂದಿಲ್ಲ, ಸಾರು ಮಾಡಿಕೊಂಡು ಉಣ್ಣಿ. ಕಡಿಮೆ ಮಾಡಬೇಕಾದ್ದು ಮಟನ್, ಲಿವರ್, ಭೂತಾಯಿ ಮೀನು, ಬಾಟಲಿಯ ಸಿಹಿ ಪಾನೀಯ. ಬಿಯರ್ ಅಂತೂ ಬೇಡವೇ ಬೇಡ. ಕೆನೆ ತೆಗೆದ ಹಾಲು, ಮಜ್ಜಿಗೆ ಒಳ್ಳೆಯದೇ. ಹಾಲಿನ ಡೇರಿ ಮಾಚೇನಹಳ್ಳಿಯಲ್ಲೇ ಇರುವಾಗ ನಮಗೇನು ಕೊರತೆ? ಮೈತೂಕ ಇಳಿಸಬೇಕು ನಿಜ, ಆದರೆ ಉಪವಾಸ ಬಿದ್ದು ಅವಸರದಲ್ಲಿ ಇಳಿಸಿದರೆ ನೋವು ಮರುಕಳಿಸಬಹುದು.

ಇದು ಗಂಡಸರ ಕಾಯಿಲೆ ಅಂದುಕೊಂಡಿರಾ? ಮುಟ್ಟು ನಿಲ್ಲುವ ತನಕ ಈಸ್ಟ್ರೋಜನ್ ನಮ್ಮನ್ನು ಕಾಯುತ್ತದೆ, ಅಷ್ಟೇ. ಆಮೇಲೆ ಅತ್ತೆಯವರ ಕೈಬೆರಳ ಗಂಟು ಒಮ್ಮೆಲೇ ಊದಿದರೆ ‘ವಯಸ್ಸಾಯ್ತಲ್ಲ’ ಎನ್ನಬೇಡಿ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಆ ಚೀಟಿಯನ್ನೂ ಡಾಕ್ಟರಿಗೆ ತೋರಿಸಿ. ಅದರಿಂದಲೂ ಯೂರಿಕ್ ಆಸಿಡ್ ಏರುತ್ತದೆ. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಬದಲಿಸಬೇಕೋ ಬೇಡವೋ ಅವರೇ ಹೇಳಲಿ.